ಬೆರಗು: ಬರದ ನಾಡಿನಲ್ಲಿ ಒಂದು ಪದದ ಚರಿತ್ರೆ

1611ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದಲ್ಲಿ ‘ಅಸ್ಟಾನೀಡ್’ ಎಂಬ ಪದವೊಂದಿದೆ. ಇಂದಿನ ಇಂಗ್ಲಿಷಿನಲ್ಲಿ ಅದು ಬಳಕೆಯಲ್ಲಿಲ್ಲ. ಆಶ್ಚರ್ಯಗೊಂಡ ಎಂಬರ್ಥದ ‘ಅಸ್ಟಾನಿಶ್ಡ್’ ಎಂಬ ಪದದ ಹಳೆಯ ರೂಪವೆಂದು ಹೇಳಿ ಓದುಗರು ಅದನ್ನು ದಾಟಿ ಹೋಗುತ್ತಾರೆ. ಆದರೆ ಆ ಪದ ಎಲ್ಲೆಲ್ಲಿ ಬಂದಿದೆ, ಯಾರ ಬಾಯಲ್ಲಿ ಯಾವ ಹೊತ್ತಿನಲ್ಲಿ ಬಂದಿದೆ ಎಂದು ಹುಡುಕಿದರೆ ಬೇರೊಂದು ಚಿತ್ರ ಕಾಣುತ್ತದೆ. ಆ ಚಿತ್ರವನ್ನು ಕನ್ನಡದ ‘ಬೆರಗು’ ಎಂಬ ಪದದ ಪಕ್ಕದಲ್ಲಿಟ್ಟು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ನೆಲದಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ದೇವರ ಕಾರ್ಯದ ಎದುರಿಗೆ ಮನುಷ್ಯನಿಗಾಗುವ ವಿಸ್ಮಯವನ್ನು ಹೇಳಲು ನಮ್ಮ ಪ್ರಸಂಗಪೀಠಗಳು ಆರಿಸಿಕೊಳ್ಳುವ ಮಾತು ಕೇಳುಗನ ಅನುಭವವನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆ ಇದರ ಹಿಂದಿದೆ.

ಮರೆಯಾದ ಇಂಗ್ಲಿಷ್ ಪದ

‘ಅಸ್ಟಾನೀಡ್’ ಎಂಬುದರ ಮೂಲದಲ್ಲಿ ಗುಡುಗು ಎಂಬರ್ಥದ ಲತೀನ್ ಧಾತುವಿದೆ. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ಸಿಡಿಲು ಬಡಿದವನಂತೆ ಮಾತು, ಚಲನೆ, ವಿಚಾರ ಮೂರೂ ನಿಂತುಹೋದ ಸ್ಥಿತಿಯನ್ನು ಅದು ಸೂಚಿಸುತ್ತಿತ್ತು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಒಂಬತ್ತನೆಯ ಭಾಗದಲ್ಲಿ ಹವ್ವಳ ಅಪರಾಧವನ್ನು ಕೇಳಿದ ಆದಾಮನು ಹೇಗೆ ನಿಂತನೆಂದು ಹೇಳಲು ಮಿಲ್ಟನ್ ಕವಿ ಇದೇ ಪದವನ್ನು ಬಳಸಿದನು. ಅಲ್ಲಿ ಸಂತೋಷದ ವಿಸ್ಮಯದ ಸುಳಿವೂ ಇಲ್ಲ.

1611ರ ಭಾಷಾಂತರದಲ್ಲಿ ಈ ಪದ ಹಳೆಯ ಒಡಂಬಡಿಕೆಯಲ್ಲಿ ಮಾತ್ರ, ಹತ್ತು ವಚನಗಳಲ್ಲಿ ಬರುತ್ತದೆ. ಜನರ ಅಪರಾಧವನ್ನು ಕೇಳಿ ಬಟ್ಟೆ ಹರಿದುಕೊಂಡು ಸಾಯಂಕಾಲದವರೆಗೆ ಸುಮ್ಮನೆ ಕುಳಿತ ಎಜ್ರನು (ಎಜ್ರ 9:3-4), ಬೆಂಕಿಯಲ್ಲಿ ನಾಲ್ಕನೆಯವನನ್ನು ಕಂಡು ಆಸನದಿಂದೆದ್ದ ಅರಸನು (ದಾನಿಯೇಲ 3:24), ಯೆಹೋವನ ಸೇವಕನ ವಿರೂಪಗೊಂಡ ಮುಖವನ್ನು ನೋಡಿದ ಬಹುಜನರು (ಯೆಶಾಯ 52:14) ಈ ಪದದಿಂದ ವರ್ಣಿತರಾಗಿದ್ದಾರೆ. ಇವುಗಳಲ್ಲಿ ಹೆಚ್ಚಿನ ಕಡೆ ಮೂಲದಲ್ಲಿರುವುದು ‘ಶಾಮೇಮ್’ ಎಂಬ ಧಾತು. ಹಾಳುಬಿದ್ದ ಭೂಮಿಯನ್ನು ಹೇಳಲಿಕ್ಕೂ ಮನಸ್ಸು ಮರವಟ್ಟ ಮನುಷ್ಯನನ್ನು ಹೇಳಲಿಕ್ಕೂ ಇಬ್ರಿಯ ಭಾಷೆ ಇದೊಂದೇ ಧಾತುವನ್ನು ಬಳಸುತ್ತದೆ. ಹೊಲ ಪಾಳುಬೀಳುವುದು, ಅದನ್ನು ನೋಡಿದವನ ಎದೆ ಪಾಳುಬೀಳುವುದು ಎರಡಕ್ಕೂ ಒಂದೇ ಹೆಸರು.

ಆದುದರಿಂದಲೇ ಈ ಪದ ಹಸಿವು ಬಾಯಾರಿಕೆಗಳ ಸನ್ನಿವೇಶದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅನ್ನವೂ ನೀರೂ ಸಾಲದೆ ಜನರು ಒಬ್ಬರನ್ನೊಬ್ಬರು ನೋಡಿ ದಿಗ್ಭ್ರಮೆಗೊಳ್ಳುವರೆಂದು ಯೆಹೆಜ್ಕೇಲನು ಹೇಳುತ್ತಾನೆ (4:17). ಎಲ್ಲಕ್ಕಿಂತ ಧೈರ್ಯದ ಪ್ರಯೋಗ ಯೆರೆಮೀಯನದು. ಅವನ ಹದಿನಾಲ್ಕನೆಯ ಅಧ್ಯಾಯ ಬರಗಾಲವನ್ನು ಕುರಿತದ್ದು. ನೀರಿಗೆ ಹೋದವರು ಬರಿಯ ಕೊಡಗಳನ್ನು ಹೊತ್ತು ಹಿಂದಿರುಗುತ್ತಾರೆ, ನೆಲ ಬಿರಿದಿದೆ, ಈದ ಹರಿಣಿ ಹುಲ್ಲಿಲ್ಲದೆ ಮರಿಯನ್ನು ಬಿಟ್ಟುಹೋಗುತ್ತದೆ. ಆಗ ಪ್ರವಾದಿಯು ಜನರ ಪಾಪವನ್ನು ಒಪ್ಪಿಕೊಳ್ಳುತ್ತಾನೆ, ಒಪ್ಪಿಕೊಂಡ ಮೇಲೂ ದೇವರನ್ನು ಪ್ರಶ್ನಿಸುತ್ತಾನೆ: ರಕ್ಷಿಸಲಾರದ ಶೂರನ ಹಾಗೆ, ಸ್ತಬ್ಧನಾದ ಮನುಷ್ಯನ ಹಾಗೆ ನೀನೇಕೆ ನಿಂತಿದ್ದೀ ಎಂಬುದು ಅವನ ಪ್ರಶ್ನೆಯ ತಾತ್ಪರ್ಯ (14:9). ಇಲ್ಲಿ ಮೂಲದಲ್ಲಿರುವುದು ‘ನಿದ್ಹಾಮ್’ ಎಂಬ ಬೇರೆ ಪದ. ಇಡೀ ಹಳೆಯ ಒಡಂಬಡಿಕೆಯಲ್ಲಿ ಅದು ಬರುವುದು ಇದೊಂದೇ ಕಡೆ. 1611ರ ಪಂಡಿತರು ಅದನ್ನೂ ‘ಅಸ್ಟಾನೀಡ್’ ಎಂದೇ ಭಾಷಾಂತರಿಸಿದರು. ಸಿಡಿಲು ಬಡಿದವನಂತೆ ನಿಂತ ದೇವರು! ಈ ಮಾತನ್ನು ಹಗುರವಾದ ಆಶ್ಚರ್ಯಸೂಚಕ ಪದದಿಂದ ಹೇಳಲು ಬರುವುದಿಲ್ಲ.

ಕನ್ನಡದ ಪದಸಂಪತ್ತು

ವಿಸ್ಮಯವನ್ನು ಹೇಳಲು ಕನ್ನಡಕ್ಕೆ ಪದಗಳ ಕೊರತೆಯಿಲ್ಲ. ಸಂಸ್ಕೃತದಿಂದ ಬಂದ ಆಶ್ಚರ್ಯ, ಅದ್ಭುತ, ವಿಸ್ಮಯ, ಕೌತುಕ, ಚೋದ್ಯಗಳಿವೆ, ಆಶ್ಚರ್ಯದ ತದ್ಭವವಾದ ಅಚ್ಚರಿಯಿದೆ, ಸೋಜಿಗ, ಬೆಕ್ಕಸಗಳಿವೆ. ಆದಿಲಶಾಹಿ ಆಳಿದ ವಿಜಯಪುರದ ನಾಡಿನಲ್ಲಿ ಪಾರಸಿಯಿಂದ ಬಂದ ‘ದಂಗು’ ಮನೆಮಾತಾಗಿದೆ. ಭಯದಿಂದ ಬೆಚ್ಚಿದವನನ್ನು ಆ ಕಡೆಯವರು ‘ಹೌಹಾರಿದ’ ಎನ್ನುತ್ತಾರೆ. ಇವೆಲ್ಲವುಗಳ ನಡುವೆ ಬೆರಗು ಬೇರೆಯಾಗಿ ನಿಲ್ಲುತ್ತದೆ.

ಹಳಗನ್ನಡದಲ್ಲಿ ಇದರ ರೂಪ ಶಕಟರೇಫವುಳ್ಳ ‘ಬೆಱಗು’. ನೆರೆಯ ತೆಲುಗಿನಲ್ಲಿ ವಿಸ್ಮಯ ಎಂಬರ್ಥದ ‘ವೆಱಗು’, ಹೆದರು ಎಂಬರ್ಥದ ‘ವೆಱಚು’ ಎಂಬ ಎರಡು ಪದಗಳು ಅಕ್ಕಪಕ್ಕದಲ್ಲಿ ನಿಂತಿರುವುದನ್ನು ಗಮನಿಸಬೇಕು. ಹಳಗನ್ನಡ ಕಾವ್ಯಗಳಲ್ಲಿ ಬೆಱಗಾದವನು ಎಷ್ಟೋ ವೇಳೆ ದಿಕ್ಕುತೋಚದೆ ನಿಂತವನೇ ಆಗಿರುತ್ತಾನೆ. ವ್ಯಾಕರಣವೂ ಇಲ್ಲಿ ಒಂದು ಸಂಗತಿಯನ್ನು ತಿಳಿಸುತ್ತದೆ. ಕನ್ನಡಿಗನು ಆಶ್ಚರ್ಯವನ್ನು ‘ಪಡುತ್ತಾನೆ’. ಪಟ್ಟವನು ಪಟ್ಟು ಮುಗಿಸಿ ತನ್ನ ಕೆಲಸಕ್ಕೆ ಹೋಗಬಹುದು. ಬೆರಗನ್ನು ಅವನು ಪಡುವುದಿಲ್ಲ, ಬೆರಗು ‘ಆಗುತ್ತಾನೆ’. ಅನುಭವವು ಅವನ ಕೈಯಲ್ಲಿರದೆ ಅವನೇ ಅನುಭವದ ವಶವಾಗುತ್ತಾನೆ. ಇನ್ನೂ ಮುಂದಿನ ಸ್ಥಿತಿಗೆ ‘ನಿಬ್ಬೆರಗು’ ಎಂಬ ಪದವಿದೆ.

ಈ ಪದಕ್ಕೆ ಆಧ್ಯಾತ್ಮಿಕ ಆಳವನ್ನು ಕೊಟ್ಟವರು ಹನ್ನೆರಡನೆಯ ಶತಮಾನದ ಶರಣರು. ಅಲ್ಲಮಪ್ರಭುವಿನ ವಚನಗಳಲ್ಲಿ ಬೆರಗು, ನಿಬ್ಬೆರಗುಗಳು ಮತ್ತೆ ಮತ್ತೆ ಬರುತ್ತವೆ. ಅಲ್ಲಿ ಅವು ಮಾತು ಹಿಂದಿರುಗುವ ನೆಲೆಯನ್ನು, ಅರಿಯುವವನು ಅರಿವಿನಲ್ಲಿ ತನ್ನನ್ನು ಕಳೆದುಕೊಂಡು ನಿಂತ ಸ್ಥಿತಿಯನ್ನು ಸೂಚಿಸುತ್ತವೆ. ಪವಾಡವನ್ನು ನೋಡಿ ಬಾಯ್ತೆರೆದು ನಿಲ್ಲುವ ಕುತೂಹಲಕ್ಕೂ ಈ ಬೆರಗಿಗೂ ಬಹಳ ದೂರವಿದೆ.

ನಾಲ್ಕು ತಾಲೂಕುಗಳು

ಈಚೆಗೆ ಚಡಚಣ, ತಾಳಿಕೋಟೆ, ನಿಡಗುಂದಿ ಮುಂತಾದವು ಪ್ರತ್ಯೇಕ ತಾಲೂಕುಗಳಾಗುವ ಮೊದಲು ವಿಜಯಪುರ ಜಿಲ್ಲೆಯೆಂದರೆ ವಿಜಯಪುರವೂ ಈ ನಾಲ್ಕು ತಾಲೂಕುಗಳೂ ಎಂದೇ ಲೆಕ್ಕವಾಗಿತ್ತು. ಬಡಗಣ ಅಂಚಿನಲ್ಲಿ ಭೀಮೆ, ತೆಂಕಣ ಅಂಚಿನಲ್ಲಿ ಕೃಷ್ಣೆ, ನಡುವೆ ಡೋಣಿ ಹರಿದರೂ ನಡುನಾಡು ಮಳೆಯನ್ನು ನಂಬಿದ ಎರೆಭೂಮಿ. ಮುಂಗಾರಿನ ಹೆಚ್ಚಿನ ಪಾಲನ್ನು ಪಶ್ಚಿಮಘಟ್ಟಗಳೇ ತಡೆದು ಹಿಡಿಯುವುದರಿಂದ ಇಲ್ಲಿಗೆ ತಲುಪುವ ಮಳೆ ಕಡಿಮೆ. ಬಂದರೆ ಬಿಳಿಜೋಳ ತುಂಬಿ ಬರುತ್ತದೆ. ತಪ್ಪಿದರೆ ಅದೇ ಕಪ್ಪುನೆಲ ಕೈಯಿಳಿಯುವಷ್ಟು ಅಗಲವಾಗಿ ಬಿರಿಯುತ್ತದೆ.

ಬಸವಣ್ಣನವರ ಜನ್ಮಸ್ಥಳವೆಂದು ಪರಂಪರೆ ಮನ್ನಿಸುವ ಬಾಗೇವಾಡಿ ಇಲ್ಲಿದೆ. ಅವರ ತಾಯಿಯ ತವರೆಂದು ಹೇಳಲಾಗುವ ಇಂಗಳೇಶ್ವರ ಅದೇ ತಾಲೂಕಿನಲ್ಲಿದೆ. ನೀಲಾಂಬಿಕೆಯು ಲಿಂಗೈಕ್ಯಳಾದಳೆಂದು ನಂಬಲಾದ ತಂಗಡಗಿ ಮುದ್ದೇಬಿಹಾಳ ತಾಲೂಕಿನ ಕೃಷ್ಣಾತೀರದಲ್ಲಿದೆ. ಇಂಡಿ ತಾಲೂಕಿನ ನಿಂಬಾಳದಲ್ಲಿ ಗುರುದೇವ ರಾ. ದ. ರಾನಡೆಯವರು (1886-1957) ತಮ್ಮ ಕೊನೆಯ ದಿನಗಳನ್ನು ಕಳೆದರು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವರು ಭಾರತೀಯ ಸಂತರ ಅನುಭಾವವನ್ನು ಕ್ರೈಸ್ತ ಅನುಭಾವಿಗಳ ಅನುಭವದೊಂದಿಗೆ ಸರಿಯಿಟ್ಟು ಓದಿದವರು. ಅದೇ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೂ (1903-1953) ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಮಧುರಚೆನ್ನರು ತಮ್ಮ ಆತ್ಮಶೋಧನೆಯ ಕಥೆಯ ಒಂದು ಭಾಗಕ್ಕೆ ‘ಕಾಳರಾತ್ರಿ’ ಎಂದು ಹೆಸರಿಟ್ಟದ್ದನ್ನು ಕ್ರೈಸ್ತ ಅನುಭಾವದ ಚರಿತ್ರೆ ಬಲ್ಲವರು ಲಕ್ಷಿಸದೆ ಇರಲಾರರು. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ನಾವಿಂದು ಹುಡುಕಬಲ್ಲೆವಾದರೆ ಅದಕ್ಕೆ ವಿಜಯಪುರದಲ್ಲಿ ವಕೀಲರಾಗಿದ್ದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರೂ, ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಸಿಂದಗಿ ತಾಲೂಕಿನ ಎಂ. ಎಂ. ಕಲಬುರ್ಗಿಯವರೂ ಕಾರಣ.

ಇದು ಈ ನಾಡಿನ ಬೆರಗಿನ ಒಂದು ಮುಖ. ಎರಡನೆಯ ಮುಖ ಬರದ್ದು. 1876-78ರ ಧಾತು ಈಶ್ವರ ಸಂವತ್ಸರಗಳ ಬರ ಮುಂಬಯಿ ಇಲಾಖೆಯಲ್ಲಿ ಎಲ್ಲಕ್ಕಿಂತ ಕಠಿಣವಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಇದೂ ಒಂದು. ಆಗ ಇದಕ್ಕೆ ಕಲಾದಗಿ ಜಿಲ್ಲೆಯೆಂದು ಹೆಸರು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬ ಲೆಕ್ಕ ಬೇರೆಬೇರೆಯಾಗಿರಬಹುದು. ಐದು ಮನೆಗಳ ಓಣಿಯಲ್ಲಿ ಒಂದು ಮನೆಯ ಒಲೆ ಆರಿತೆಂಬುದು ಅದರ ಅರ್ಥ. 1877ರಲ್ಲಿ ಬರದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಕೆಲವು ಕಾಸು ಎಂಬ ಮಟ್ಟಕ್ಕೆ ಇಳಿಸಲಾಯಿತು. ಮುಂದೆ ಬರಕ್ಕೆ ಪರಿಹಾರವೆಂದು ಹಾಕಿದ ಹೋಟಗಿ-ಗದಗ ರೈಲುದಾರಿ 1884ರಲ್ಲಿ ತೆರೆಯಿತು. ಅದು ಇಂಡಿಯ, ಬಾಗೇವಾಡಿಯ ಸೀಮೆಗಳನ್ನು ಹಾದುಹೋಯಿತು. ಸಿಂದಗಿ, ಮುದ್ದೇಬಿಹಾಳಗಳನ್ನು ಮುಟ್ಟಲಿಲ್ಲ. ಅಂದು ಬರಿಯ ಕೊಡ ಹೊತ್ತು ಹಿಂದಿರುಗಿದ ಹೆಣ್ಣುಮಕ್ಕಳಿಗೆ ಯೆರೆಮೀಯನ ಹದಿನಾಲ್ಕನೆಯ ಅಧ್ಯಾಯಕ್ಕೆ ಟೀಕೆ ಬೇಕಾಗಿರಲಿಲ್ಲ. ಭೂಮಿಯೂ ಮನಸ್ಸೂ ಒಟ್ಟಿಗೆ ಪಾಳುಬೀಳುವುದನ್ನು ಅವರು ಕಂಡಿದ್ದರು.

ಭಾಷಾಂತರದ ಹಾದಿ

ಕನ್ನಡ ಸತ್ಯವೇದದ ಭಾಷೆ ರೂಪುಗೊಂಡದ್ದು ಈ ಸೀಮೆಯ ಹೊರಗೆ. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಮುಂತಾದ ಸಂಗಡಿಗರೂ ಪಂಡಿತರ ನೆರವಿನಿಂದ ದುಡಿದ ಫಲವಾಗಿ 1831ರಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದರ ಪರಿಷ್ಕರಣೆಗೆ ಕೈಹಾಕಿತು. ಅದೇ ಮಿಷನಿನ ಹೆರ್ಮನ್ ಮೋಗ್ಲಿಂಗರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲರು ಹಳಗನ್ನಡ ಗ್ರಂಥಗಳನ್ನು ಶೋಧಿಸಿ 1894ರಲ್ಲಿ ತಮ್ಮ ಮಹಾ ನಿಘಂಟನ್ನು ಪ್ರಕಟಿಸಿದರು. ಕನ್ನಡದ ಪದಗಳ ಬೇರನ್ನು ಅವರು ಆದರದಿಂದ ಹುಡುಕಿದರೆಂಬುದಕ್ಕೆ ಇವು ಸಾಕ್ಷಿ.

ನಮ್ಮ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ ಆಶ್ಚರ್ಯ, ವಿಸ್ಮಯ, ಬೆರಗು ಮೂರೂ ಸಿಗುತ್ತವೆ. ಭಾಷಾಂತರಕಾರರು ಬೆರಗನ್ನು ಬಿಟ್ಟುಕೊಡಲಿಲ್ಲ. ನಷ್ಟವಾದದ್ದು ಪ್ರಸಂಗಗಳಲ್ಲಿ. ಪಾಠದಲ್ಲಿ ಬೆರಗು ಎಂದು ಓದಿದರೂ ವಿವರಿಸುವಾಗ ನಾವು ‘ಅವರಿಗೆಲ್ಲ ಬಹಳ ಆಶ್ಚರ್ಯವಾಯಿತು’ ಎನ್ನುತ್ತೇವೆ. ಆಶ್ಚರ್ಯವಾದರೋ ಇಂದು ಸಂತೆಯ ದರಕ್ಕೂ ಆಟದ ಫಲಿತಾಂಶಕ್ಕೂ ಸಲ್ಲುವ ಮಾತಾಗಿದೆ.

ಶರಣರ ಭಾಷೆಗೂ ಸುವಾರ್ತೆಗೂ ನಡುವೆ ನಿಂತು ಇದಕ್ಕೆ ಬೇರೆ ದಾರಿ ತೋರಿಸಿದ ಸಭಾಪಾಲಕರೊಬ್ಬರು ನಮ್ಮಲ್ಲಿಯೇ ಇದ್ದರು. ಧಾರವಾಡದಲ್ಲಿ ಹುಟ್ಟಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಕಲಿತ ಉತ್ತಂಗಿ ಚನ್ನಪ್ಪನವರು (1881-1962) 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು, ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೋಧಿಸುವ ಮೊದಲು ಜನರ ಮಾತಿಗೆ ಬಹುಕಾಲ ಕಿವಿಗೊಟ್ಟವರು ಅವರು.

ತೋಟದಲ್ಲಿ, ಸಮಾಧಿಯಲ್ಲಿ

ಪದವೊಂದು ಹಗುರವಾದರೆ ಹೋಗುವುದೇನೆಂಬುದನ್ನು ಮಾರ್ಕನ ಸುವಾರ್ತೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಗ್ರೀಕಿನಲ್ಲಿ ವಿಸ್ಮಯಕ್ಕೆ ಹಲವು ಪದಗಳಿವೆ. ‘ಥೌಮಾಜೋ’ ಸಾಮಾನ್ಯ ಆಶ್ಚರ್ಯ. ‘ಎಕ್‌ಪ್ಲೆಸ್ಸೊ’ ಎಂಬುದರಲ್ಲಿ ಪೆಟ್ಟು ತಿಂದ ಅರ್ಥವಿದೆ. ‘ಎಕ್‌ಸ್ಟಾಸಿಸ್’ ಎಂದರೆ ತನ್ನ ಹೊರಗೆ ನಿಲ್ಲುವುದು. ಇವುಗಳ ಜೊತೆಗೆ ‘ಎಕ್‌ಥಾಂಬೆಯೋ’ ಎಂಬ ತೀವ್ರವಾದ ಕ್ರಿಯಾಪದವೊಂದಿದೆ. ಇಡೀ ಹೊಸ ಒಡಂಬಡಿಕೆಯಲ್ಲಿ ಇದನ್ನು ಬಳಸಿದವನು ಮಾರ್ಕನೊಬ್ಬನೇ, ಅದೂ ನಾಲ್ಕೇ ಸಲ. ಬೆಟ್ಟದಿಂದಿಳಿದು ಬಂದ ಯೇಸುವನ್ನು ಕಂಡ ಜನರ ಗುಂಪಿಗೆ ಒಮ್ಮೆ (9:15). ಬರಿದಾದ ಸಮಾಧಿಯೊಳಗೆ ಹೊಕ್ಕ ಸ್ತ್ರೀಯರಿಗೆ ಎರಡು ಸಲ (16:5-6). ಉಳಿದ ಒಂದು ಸಲ ಗೆತ್ಸೇಮನೆಯಲ್ಲಿ, ಯೇಸುವಿಗೆ (14:33).

ಸುವಾರ್ತೆಯುದ್ದಕ್ಕೂ ಜನರನ್ನು ಬೆರಗುಗೊಳಿಸಿದವನು ತೋಟದ ಕತ್ತಲೆಯಲ್ಲಿ ತಾನೇ ಬೆರಗಾಗುತ್ತಾನೆ. ಈ ಮಾತು ಸಹಿಸಲು ಕಷ್ಟ. ಮತ್ತಾಯನು ಇದೇ ಪ್ರಸಂಗವನ್ನು ಹೇಳುವಾಗ ಈ ಕ್ರಿಯಾಪದವನ್ನು ಬಿಟ್ಟು ದುಃಖಿಸಿದನೆಂದು ಬರೆಯುತ್ತಾನೆ (26:37). 1611ರ ಇಂಗ್ಲಿಷ್ ಪಂಡಿತರು ತೋಟದಲ್ಲಿ ಬಹಳವಾಗಿ ವಿಸ್ಮಿತನಾದನೆಂಬ ಅರ್ಥದ ಮಾತನ್ನೂ ಸಮಾಧಿಯಲ್ಲಿ ಹೆದರಿದರೆಂಬ ಅರ್ಥದ ಮಾತನ್ನೂ ಇಟ್ಟರು. ಒಂದೊಂದೂ ತನ್ನ ಸ್ಥಳದಲ್ಲಿ ತಪ್ಪಲ್ಲ. ಆದರೆ ತೋಟಕ್ಕೂ ಸಮಾಧಿಗೂ ಮಾರ್ಕನು ಕಟ್ಟಿದ್ದ ನಂಟು ಹೀಗೆ ಹರಿದುಹೋಯಿತು. ಗುರುವಾರದ ರಾತ್ರಿ ಕರ್ತನಿಗಾದದ್ದೇ ಭಾನುವಾರದ ಮುಂಜಾನೆ ಆ ಸ್ತ್ರೀಯರಿಗೂ ಆಯಿತೆಂಬುದನ್ನು ಇಂಗ್ಲಿಷ್ ಓದುಗನ ಕಿವಿ ಕೇಳದಾಯಿತು.

ಕನ್ನಡಕ್ಕೆ ಈ ನಷ್ಟ ಅನಿವಾರ್ಯವಲ್ಲ. ಭಯವನ್ನೂ ಮೌನವನ್ನೂ ಪರವಶತೆಯನ್ನೂ ಒಟ್ಟಿಗೆ ಹೊರಬಲ್ಲ ಬೆರಗು ಎಂಬ ಪದ ತೋಟಕ್ಕೂ ಸಮಾಧಿಗೂ ಸಲ್ಲುತ್ತದೆ. ಹಾಗೆ ಓದಿದಾಗ ಯೆರೆಮೀಯನ ಪ್ರಶ್ನೆಗೂ ಒಂದು ಉತ್ತರ ದೊರೆಯುತ್ತದೆ. ಸ್ತಬ್ಧನಾದ ಮನುಷ್ಯನ ಹಾಗೆ ನೀನೇಕೆ ನಿಂತಿದ್ದೀ ಎಂದು ಬರಗಾಲದಲ್ಲಿ ಪ್ರವಾದಿಯು ಕೇಳಿದ್ದನು. ಗೆತ್ಸೇಮನೆಯಲ್ಲಿ ದೇವರ ಮಗನು ನಿಜವಾಗಿಯೂ ಹಾಗೆ ನಿಂತನು. ಆ ನಿಲುವು ಕೈಲಾಗದ ಶೂರನದಲ್ಲ. ಬೆರಗಾದವರ ಪಂಕ್ತಿಯಲ್ಲಿ ತಾನೂ ಸ್ಥಳ ಹಿಡಿದವನದು. ಈ ಉತ್ತರದಿಂದ ಬರ ನೀಗುವುದಿಲ್ಲ, ಸತ್ತ ಮಗು ಏಳುವುದಿಲ್ಲ. ಬರದಲ್ಲಿ ಕುಳಿತವನನ್ನು ದೇವರು ದೂರದಿಂದ ನೋಡುತ್ತಿಲ್ಲವೆಂದು ಮಾತ್ರ ಅದು ಹೇಳುತ್ತದೆ.

ಇಲ್ಲಿ ಶರಣರ ಬೆರಗಿಗೂ ಸುವಾರ್ತೆಯ ಬೆರಗಿಗೂ ಇರುವ ಅಂತರವನ್ನು ಮರೆಮಾಚಬಾರದು. ಅಲ್ಲಮನ ನಿಬ್ಬೆರಗು ಎರಡೆಂಬುದು ಅಳಿದ ನೆಲೆ; ಅಲ್ಲಿ ಕರೆಯುವವನೂ ಕರೆಸಿಕೊಳ್ಳುವವನೂ ಬೇರೆಯಾಗಿ ಉಳಿಯರು. ಸಮಾಧಿಯ ಬೆರಗಿನಲ್ಲಿ ಒಂದು ಮಾತು ಕೇಳಿಬರುತ್ತದೆ: ಬೆರಗಾಗಬೇಡಿರಿ, ಹೋಗಿ ಶಿಷ್ಯರಿಗೂ ಪೇತ್ರನಿಗೂ ತಿಳಿಸಿರಿ ಎಂದು. ಒಬ್ಬನ ಹೆಸರನ್ನು ಹೇಳಿ ಬೆರಗು ಅವರನ್ನು ದಾರಿಗೆ ಕಳುಹಿಸುತ್ತದೆ. 1917ರಲ್ಲಿ ಜರ್ಮನ್ ದೇವಶಾಸ್ತ್ರಜ್ಞ ರುಡಾಲ್ಫ್ ಒಟ್ಟೊ ಪವಿತ್ರವಾದುದನ್ನು ಕುರಿತ ತಮ್ಮ ಗ್ರಂಥದಲ್ಲಿ ನಡುಗಿಸುವ ಮತ್ತು ಸೆಳೆಯುವ ರಹಸ್ಯವೆಂದು ದೇವರ ಸನ್ನಿಧಿಯನ್ನು ವರ್ಣಿಸಿದರು. ಎರಡು ಪರಂಪರೆಗಳೂ ಆ ರಹಸ್ಯದ ಮುಂದೆ ಮೌನವಾಗುತ್ತವೆ. ಮೌನದ ಅನಂತರ ಏನಾಗುತ್ತದೆಂಬಲ್ಲಿ ಅವುಗಳ ಹಾದಿ ಕವಲೊಡೆಯುತ್ತದೆ. ಪದವನ್ನು ಶರಣರಿಂದ ಪಡೆದ ನಾವು ಋಣವನ್ನು ಒಪ್ಪಿಕೊಳ್ಳಬೇಕು, ಅಂತರವನ್ನೂ ಒಪ್ಪಿಕೊಳ್ಳಬೇಕು. ಎರಡೂ ಗೌರವದ ಕ್ರಮಗಳೇ.

ಪ್ರಸಂಗ ಸಿದ್ಧಪಡಿಸುವವರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಜನರನ್ನು ಕಾಣಲು ನಾವು ಇಂದು ಆ ತಾಲೂಕುಗಳಿಗೇ ಹೋಗಬೇಕೆಂದಿಲ್ಲ. ಆಲಮಟ್ಟಿಯ ಅಣೆಕಟ್ಟು ಎದ್ದಮೇಲೆ ಕೆಲವು ಹೊಲಗಳಿಗೆ ಕಾಲುವೆಯ ನೀರು ಬಂದಿದೆ, ಕೆಲವು ಊರುಗಳು ಅದೇ ನೀರಿನಲ್ಲಿ ಮುಳುಗಿವೆ; ಮಳೆ ತಪ್ಪಿದ ವರ್ಷ ಕುಟುಂಬಗಳು ಗೋವೆಗೆ, ಪುಣೆಗೆ, ಮುಂಬಯಿಗೆ, ಮಂಗಳೂರಿಗೆ ದುಡಿಯಲು ಹೋಗುವುದು ನಿಂತಿಲ್ಲ. ನಮ್ಮ ಊರುಗಳಲ್ಲಿ ಏಳುವ ಕಟ್ಟಡಗಳ ಬುಡದಲ್ಲಿ ಅವರ ತಗಡಿನ ಗುಡಿಸಲುಗಳಿವೆ. ಅವರಲ್ಲಿ ಯಾರಾದರೂ ನಮ್ಮ ಆರಾಧನೆಯ ಕೊನೆಯ ಸಾಲಿನಲ್ಲಿ ಬಂದು ಕುಳಿತರೆ, ಪುನರುತ್ಥಾನವು ಬಹಳ ಆಶ್ಚರ್ಯಕರವಾದ ಸಂಗತಿಯೆಂಬ ನಮ್ಮ ಮಾತು ಅವರಿಗೆ ಏನನ್ನು ಹೇಳೀತು?

ಆದಕಾರಣ ಎರಡು ವಿಷಯಗಳನ್ನು ಸೂಚಿಸಲಿಚ್ಛಿಸುತ್ತೇವೆ. ಮೊದಲನೆಯದಾಗಿ, ಪಾಠದಲ್ಲಿ ವಿಸ್ಮಯವನ್ನು ಸೂಚಿಸುವ ಮಾತು ಬಂದಾಗಲೆಲ್ಲ ಮೂಲದಲ್ಲಿ ಯಾವ ಪದವಿದೆಯೆಂದು ವಿಚಾರಿಸಿ, ಅದು ಮೆಚ್ಚುಗೆಯೋ ಪೆಟ್ಟೋ ಎಂದು ತಿಳಿದ ಮೇಲೆಯೇ ಕನ್ನಡದ ಪದವನ್ನು ಆರಿಸಿಕೊಳ್ಳಬೇಕು. ಎರಡನೆಯದಾಗಿ, ಬೆರಗು ಎಂದ ಮೇಲೆ ಅದನ್ನು ಕೂಡಲೇ ಸಮಾಧಾನದ ಮಾತುಗಳಿಂದ ಮುಚ್ಚಿಬಿಡಬಾರದು. ಎಜ್ರನು ಸಾಯಂಕಾಲದ ನೈವೇದ್ಯದ ಹೊತ್ತಿನವರೆಗೂ ಸುಮ್ಮನೆ ಕುಳಿತಿದ್ದನು. ಪ್ರಾರ್ಥನೆಗೆ ಎದ್ದದ್ದು ಅನಂತರ. ಅವನ ಬಳಿಯಲ್ಲಿ ನಡುಗುತ್ತಾ ಕೂಡಿಬಂದವರೂ ಇದ್ದರು. ಬೆರಗಾದವರ ಪಕ್ಕದಲ್ಲಿ ಹಾಗೆ ಕುಳಿತುಕೊಳ್ಳುವ ಕಾಲವೂ ಸಭಾಪಾಲನೆಯ ಲೆಕ್ಕಕ್ಕೇ ಸೇರುತ್ತದೆ.